ಕದ್ದದ್ದಲ್ಲ, ಕಂಡುಹಿಡಿದದ್ದು

ಇಮ್ತಿಯಾಜ್, ನೀನು ಏನನ್ನೂ ಕದ್ದಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಕೆಲಸ ಬಿಡುವ ದಿನ ನೀನು ಕಂಪನಿಯ ಸೋರ್ಸ್ ಕೋಡನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡದ್ದನ್ನು ಕಣ್ಣಾರೆ ಕಂಡೆನೆಂದು ಕೋರ್ಟಿಗೆ ಅಫಿಡವಿಟ್ ಕೊಟ್ಟೆ. ಐದು ವರ್ಷವಾಯಿತು. ನಾನು ಕಂಡದ್ದು ಬೇರೆಯೇ —

ಸದಾಶಿವನಗರದ ಆ ಆಫೀಸಿನಲ್ಲಿ ನಾವಿಬ್ಬರೂ ಅಕ್ಕಪಕ್ಕ ಕೂತು ದವಾಖಾನೆಗಳಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದೆವು. ರೋಗಿಗಳ ದಾಖಲೆಗಳನ್ನು ನಮ್ಮ ಕಂಪನಿ ತನ್ನದೇ ಗುಟ್ಟಿನ ರೂಪದಲ್ಲಿ ಇಡುತ್ತಿತ್ತು. ಆ ಭಾಗ ಬರೆಯುತ್ತಿದ್ದವಳು ನಾನು; ನಿನ್ನದು ಪರದೆಗಳ ಕೆಲಸ. ಬೇರೆ ಯಾವ ಸಾಫ್ಟ್‌ವೇರೂ ಅದನ್ನು ಓದಲಾರದು. ಹೀಗಾಗಿ ಒಮ್ಮೆ ನಮ್ಮಲ್ಲಿಗೆ ಬಂದ ಡಾಕ್ಟರು ನಮ್ಮನ್ನು ಬಿಟ್ಟು ಹೋಗುವಂತಿರಲಿಲ್ಲ. ಯಾರ ಸ್ವತ್ತೂ ಅಲ್ಲದ, ಎಲ್ಲರೂ ಓದಬಹುದಾದ ಮುಕ್ತ ಮಾನದಂಡವೊಂದಿದೆ, ಅದಕ್ಕೆ ಬದಲಾಗೋಣ ಎಂದು ನೀನು ಮಾಲೀಕರಿಗೆ ಹೇಳಿದೆ. ಅವರು ನಕ್ಕರು. ನೀನು ಕೆಲಸ ಬಿಟ್ಟೆ.

ಆಮೇಲಿನ ಭಾನುವಾರಗಳಲ್ಲಿ ನೀನು ಬಸ್ಸು ಹಿಡಿದು ಖಾನಾಪುರದ ನಮ್ಮ ಮನೆಗೆ ಬರುತ್ತಿದ್ದೆ. ನಮ್ಮ ಕಂಪನಿಯ ಗ್ರಾಹಕರಾಗಿದ್ದ ಬೀಡಿ ಊರಿನ ಡಾಕ್ಟರಮ್ಮ ಅದೇ ಸಾಫ್ಟ್‌ವೇರ್ ಇದ್ದ, ರೋಗಿಗಳ ದಾಖಲೆಯಿಲ್ಲದ ಲ್ಯಾಪ್‌ಟಾಪೊಂದನ್ನು ನಿನಗೆ ಕೊಟ್ಟಿದ್ದರು. ಇಲ್ಲದ ರೋಗಿಯ ಹೆಸರೊಂದನ್ನು ತುಂಬುವುದು, ಫೈಲಿನಲ್ಲಿ ಏನು ಬದಲಾಯಿತೆಂದು ನೋಡುವುದು, ಒಂದು ಅಕ್ಷರ ತಿದ್ದಿ ಮತ್ತೆ ನೋಡುವುದು — ಹೀಗೆ ಆ ಗುಟ್ಟಿನ ರೂಪವನ್ನು ಹೊರಗಿನಿಂದಲೇ ಬಿಡಿಸುತ್ತ ಹೋದೆ. ಆ ಗುಟ್ಟೆಲ್ಲ ಬಲ್ಲ ನಾನು ಬಾಜೂದಲ್ಲೇ ಇದ್ದೆ. ನೀನು ಒಂದು ಸಲವೂ ಕೇಳಲಿಲ್ಲ. ನಾನಾಗಿ ಬಾಯಿ ತೆರೆದಾಗಲೂ, "ನೀವು ಹೇಳಬ್ಯಾಡ್ರಿ ಅಕ್ಕಾ. ನೀವು ಹೇಳಿದ್ರ ಅದು ಕಳವು ಆಗತೈತಿ" ಎಂದು ತಡೆದೆ.

ಹೆಸರುಗಳು ಮುಗಿದಾಗ ನೆರವಾದವಳು ನನ್ನ ಅವ್ವ. ಕುರಿ ಕಾಯುತ್ತ ಬೆಳೆದ, ಶಾಲೆಯ ಮುಖ ಕಾಣದ ಅವ್ವ.

"ನಿಂಗವ್ವ ಅಂತ ಬರಿ. ಅರವತ್ತು ವರ್ಷ. ಮೊಣಕಾಲ ನೋವು."

"ಹೆಸರು ಸಣ್ಣದಾತರಿ ಅವ್ವಾರ. ಉದ್ದಂದು ಬೇಕು."

"ಹಂಗಾರ ಮಲ್ಲಿಕಾರ್ಜುನಗೌಡ ಅನ್ನು. ಅಂವಗ ಸಕ್ಕರಿ ಕಾಯಿಲೆ ಹಚ್ಚು, ಭಾಳ ತಿಂತಾನ."

ನೀನು ನಗುತ್ತ ಟೈಪ್ ಮಾಡುತ್ತಿದ್ದೆ.

ಮಳೆಗಾಲ ಮುಗಿಯುವಷ್ಟರಲ್ಲಿ ನಿನ್ನ ಪ್ರೋಗ್ರಾಂ ಸಿದ್ಧವಾಯಿತು. ಹಳೆಯ ದಾಖಲೆಗಳನ್ನು ಅದು ಮುಕ್ತ ರೂಪಕ್ಕೆ ಬದಲಿಸುತ್ತಿತ್ತು. ಕಂಡುಹಿಡಿದದ್ದನ್ನೆಲ್ಲ ನೀನು ಯಾರು ಬೇಕಾದರೂ ಓದಲಿ ಎಂದು ಪ್ರಕಟಿಸಿಯೂ ಬಿಟ್ಟೆ. ಡಾಕ್ಟರಮ್ಮ ನನ್ನೆದುರೇ ಹೇಳಿದರು: "ಭಾಳ ಶ್ಯಾಣ್ಯಾ ಅದಾನ್ರಿ ಅಂವ. ಇಷ್ಟು ವರ್ಷ ಇದ್ರೂ ನಿಮ್ಮ ಕೈಲೆ ಆಗಿರಲಿಲ್ಲ ನೋಡ್ರಿ." ನಾನು ಹೌದೆಂದು ತಲೆಯಾಡಿಸಿದೆ. ಆದರೆ ಆ ಮಾತು ಒಳಗೆಲ್ಲೋ ಚುಚ್ಚಿ ಅಲ್ಲೇ ಉಳಿಯಿತು.

ಒಂದೊಂದೇ ದವಾಖಾನೆ ಕಂಪನಿಯನ್ನು ಬಿಡತೊಡಗಿತು. ಮಾಲೀಕರು ನಿನ್ನ ಮೇಲೆ ದಾವೆ ಹೂಡಿದರು. ಅದಕ್ಕೆ ಮೊದಲು ನನ್ನನ್ನು ಕರೆಸಿದರು. ವಕೀಲರು ಬರೆದ ಅಫಿಡವಿಟ್ ಮೇಜಿನ ಮೇಲೆ ಸಿದ್ಧವಿತ್ತು. ಅದನ್ನು ನನ್ನತ್ತ ಸರಿಸಿ ಮಾಲೀಕರು ಅಂದರು:

"ನೀವೂ ಅಂವನ ಜೋಡಿ ಕುಂದರತಿದ್ರಿ ಅಂತ ಗೊತ್ತಾಗೇತ್ರಿ. ಕೇಸಿನಾಗ ಎರಡು ಹೆಸರು ಹಾಕೂಣೋ, ಒಂದ ಹಾಕೂಣೋ — ನೀವ ಹೇಳ್ರಿ."

ಹೆದರಿ ಸಹಿ ಹಾಕಿದೆನೆಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಅದೂ ಪೂರ್ತಿ ನಿಜವಲ್ಲ. ಪೆನ್ನು ಹಿಡಿದಾಗ ಡಾಕ್ಟರಮ್ಮನ ಮಾತು ನೆನಪಿಗೆ ಬಂತು. ನೀನು ಸೋತರೆ ಸೋಲಲಿ ಎಂದು ಮನಸ್ಸಿಗೆ — ಅನಿಸಿತು. ಪ್ರತಿ ಪುಟಕ್ಕೂ ಸಹಿ ಹಾಕಿದೆ.

ನಿನ್ನ ಪ್ರೋಗ್ರಾಂ, ನೀನು ಪ್ರಕಟಿಸಿದ ಬರಹ ಎರಡನ್ನೂ ಯಾರೂ ಬಳಸದಂತೆ ಕೋರ್ಟು ತಡೆಯಾಜ್ಞೆ ಕೊಟ್ಟಿತು. ಆ ದಿನ ವರಾಂಡದಲ್ಲಿ ನೀನು ಎದುರಾದೆ. ಬೈಯುತ್ತೀ ಎಂದುಕೊಂಡೆ. ನೀನು ಕೇಳಿದ್ದು ಇಷ್ಟೇ: "ಅವ್ವಾರು ಆರಾಮ ಅದಾರಲ್ಲರಿ ಅಕ್ಕಾ?" ನಾನು "ಹೂಂ" ಎಂದು ನಿಲ್ಲದೆ ನಡೆದುಬಿಟ್ಟೆ.

ನಿನ್ನ ಪ್ರೋಗ್ರಾಂ ನಿಂತಿತು; ಡಾಕ್ಟರಮ್ಮನ ದಾಖಲೆಗಳು ಇನ್ನೂ ಬದಲಾಗಿರಲಿಲ್ಲ. ನೀನು ನಿನ್ನ ಮಾಮಾನ ಟೈಲ್ಸ್ ಅಂಗಡಿ ಸೇರಿದೆ. ವಯಸ್ಸಾದ ಡಾಕ್ಟರಮ್ಮ ದವಾಖಾನೆಯನ್ನು ಹೊಸಬರಿಗೆ ಬಿಟ್ಟುಕೊಡುವಾಗ, ಆ ಹೊಸಬರ ಸಾಫ್ಟ್‌ವೇರಿಗೆ ಹಳೆಯ ದಾಖಲೆ ಓದಲು ಬಾರದೆ, ನೋಟ್‌ಬುಕ್ಕಿನಲ್ಲಿ ಒಂದೊಂದೇ ರೋಗಿಯ ವಿವರವನ್ನು ಕೈಯಿಂದ ಬರೆಯುತ್ತ ಕೂತಿದ್ದನ್ನು ಕಂಡೆ. ನನ್ನನ್ನು ನೋಡಿ ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಮತ್ತೆ ಬರೆಯತೊಡಗಿದರು.

ನೀನೇಕೆ ಬರುವುದಿಲ್ಲವೆಂದು ಅವ್ವ ಕೇಳಿದಾಗಲೆಲ್ಲ, ಗೋವಾದಲ್ಲಿ ಕೆಲಸಕ್ಕಿದ್ದೀ ಎನ್ನುತ್ತಿದ್ದೆ. ಹೋದ ತಿಂಗಳು ಯಾರಿಂದಲೋ ಕೇಸಿನ ಸುದ್ದಿ ಅವಳ ಕಿವಿಗೆ ಬಿತ್ತು.

"ನಾ ಬಂದು ಜಡ್ಜ್ ಸಾಹೇಬರ ಮುಂದ ಹೇಳತೀನಿ. ಆ ಹೆಸರೆಲ್ಲಾ ನಾನ ಕೊಟ್ಟೀನಲ್ಲ? ಅಂವ ಕದ್ದಾನಂತ ಹೇಳಿದವರು ಯಾರು?"

"ನಾನ, ಅವ್ವಾ."

ಬಿಡಿಸುತ್ತಿದ್ದ ಮೆಂತ್ಯ ಅವಳ ಕೈಯಲ್ಲೇ ಉಳಿಯಿತು. ಮೂರನೆಯ ದಿನ ಅಂದಳು: "ನನ್ನ ಮುಂದ ಹೇಳಿ ಏನಾತು? ಅಂವಗ ಹೇಳು."

ಕೆಲಸ ಬಿಟ್ಟಿದ್ದೇನೆ. ಬೇರೆ ವಕೀಲರನ್ನು ಕಂಡೆ. ಸುಳ್ಳು ಪ್ರಮಾಣ ಮಾಡಿದ್ದಕ್ಕೆ ಜೈಲೂ ಆಗಬಹುದು ಎಂದರು. ಇಲ್ಲಿ ಬರೆದದ್ದನ್ನೆಲ್ಲ ಹೊಸ ಅಫಿಡವಿಟ್‌ನಲ್ಲಿ ಬರೆಸಿ ಸಹಿ ಹಾಕಿದ್ದೇನೆ. ತಡೆಯಾಜ್ಞೆ ತೆರವಾದೀತು. ಆದರೆ ಈ ಐದು ವರ್ಷ — ಅದನ್ನು ಯಾವ ಕೋರ್ಟೂ ನಿನಗೆ ಕೊಡಿಸಲಾರದು.

ಸೋಮವಾರ ವಿಚಾರಣೆ. ನೀನು ಬರಬೇಕೆಂದು ಕೇಳುವ ಹಕ್ಕು ನನಗಿಲ್ಲ. ಬಂದರೆ, ನನ್ನತ್ತ ನೋಡಬೇಕಾಗಿಲ್ಲ. ನಾನು ಹೇಳುವುದು ನಿನಗೆ ಕೇಳಿಸುವಷ್ಟು ಹತ್ತಿರ ಕೂತರೆ ಸಾಕು.