ಮೊಮ್ಮಗಳು ಕೆಡವಿದ ಪಂಚಿಂಗ್ ಮಷೀನು

ಗೆಳೆಯರೇ, ಇವತ್ತು ಮಧ್ಯಾಹ್ನ ಮೊಮ್ಮಗಳ ಮೊಬೈಲ್ ಆಟದಲ್ಲಿ ನನ್ನ ಹಳೆಯ ಸಹೋದ್ಯೋಗಿ ಸಿಕ್ಕಿದ. ಕಾಗದಕ್ಕೆ ತೂತು ಹಾಕುವ ಪಂಚಿಂಗ್ ಮಷೀನು. ಮನೆಯಷ್ಟು ಎತ್ತರ, ಕೆಂಪು ಕಣ್ಣು ಬೇರೆ.

"ಇದು ಬಾಸ್, ಅಜ್ಜಾ. ಇದನ್ನ ಸೋಲಿಸಿದ್ರ ಆಟ ಗೆದ್ದಂಗ," ಎಂದಳು.

ಎಪ್ಪತ್ತರ ದಶಕದಲ್ಲಿ ನಾನು ಇಂಡಿ ಕಡೆಯ ಒಂದು ಕಚೇರಿಯಲ್ಲಿ ಗುಮಾಸ್ತ. ಬಂದ ಅರ್ಜಿಗಳಿಗೆ ಎಡಬದಿಯಲ್ಲಿ ತೂತು ಹಾಕಿ, ದಾರ ಪೋಣಿಸಿ ಫೈಲಿಗೆ ಸೇರಿಸುವುದು ನನ್ನ ಕೆಲಸ. ಅಗರಖೇಡದ ವಿಧವೆಯೊಬ್ಬಳು ಸತ್ತ ಗಂಡನ ಹೊಲಕ್ಕೆ ತನ್ನ ಹೆಸರು ಹಚ್ಚಿಸಲು ಅರ್ಜಿ ಕೊಟ್ಟಿದ್ದಳು. ಅರ್ಜಿ ಬರೆದವನು ಅವಳ ಹೆಬ್ಬೆಟ್ಟನ್ನು ಎಡಬದಿಯಲ್ಲೇ ಒತ್ತಿಸಿದ್ದ. ನಾನು ನೋಡದೆ ಮಷೀನು ಅದುಮಿದೆ. ತೂತು ಹೆಬ್ಬೆಟ್ಟಿನ ಗುರುತಿನ ನಟ್ಟನಡುವೆ ಬಿತ್ತು. ಗುರುತು ಸರಿಯಿಲ್ಲವೆಂದು ಸಾಹೇಬರು ಅರ್ಜಿ ತಿರಸ್ಕರಿಸಿದರು.

ಅವಳು ವಿಚಾರಿಸಲು ನಡೆದುಕೊಂಡೇ ಬಂದಿದ್ದಳು. ನಾನು ತಲೆ ಎತ್ತದೆ ಹೇಳಿದೆ: "ಹೆಬ್ಬೆಟ್ಟ ಸರಿಯಾಗಿ ಒತ್ತಿಲ್ಲ ನೀ. ಹೊಸಾ ಅರ್ಜಿ ಬರಿಸ್ಕೊಂಡು ಬಾ."

"ತಪ್ಪಾತ್ರಿ ಸಾಹೇಬ್ರ," ಎಂದು ಕೈ ಮುಗಿದಳು. "ಈ ಸಲ ಜೋರಾಗಿ ಒತ್ತತೇನ್ರಿ."

ಅವಳು ಎರಡನೇ ಅರ್ಜಿ ತರುವಷ್ಟರಲ್ಲಿ ಮೈದುನ ಆ ಹೊಲಕ್ಕೆ ತನ್ನ ಹೆಸರು ಹಚ್ಚಿಸಿಕೊಂಡಿದ್ದ. ಅವಳಿಗೆ ನಿಜ ಹೇಳುವ ಧೈರ್ಯ ನನಗೆ ಆಗಲೂ ಬರಲಿಲ್ಲ.

ಇವತ್ತು ಮೊಮ್ಮಗಳು ಮೂರೇ ಏಟಿಗೆ ಬಾಸನ್ನು ಕೆಡವಿ ಕೇಳಿದಳು: "ನಿಮ್ಮ ಆಫೀಸಿನ್ಯಾಗೂ ಇಂಥಾದ್ದು ಇತ್ತೇನಜ್ಜಾ?"

"ಇತ್ತವ್ವಾ," ಎಂದೆ. "ಪಾಪ, ಅದು ಬರೇ ತೂತು ಹಾಕ್ತಿತ್ತು. ಸುಳ್ಳು ಹೇಳಾಕ ನಾ ಇದ್ದೆ."