ಮುಖವಾಡದ ಅಜ್ಜ

ಸುರಪುರದಲ್ಲಿ ಭಾನುವಾರ ಬೆಳಿಗ್ಗೆ ಏಳಕ್ಕೆ ನನ್ನ ಕ್ಷೌರ. ಅಂಗಡಿಯವನು ಬಾಚಣಿಗೆಯನ್ನು ಕಿವಿಗೆ ಸಿಕ್ಕಿಸಿಕೊಂಡು, ಪ್ರತಿ ಸುಳ್ಳಿಗೂ ಮೊದಲು "ಖರೇ ಹೇಳಬೇಕಂದ್ರ" ಎನ್ನುತ್ತಿದ್ದ. ಗೋಡೆಯ ಪಟದಲ್ಲಿ ಯಾವುದೋ ವಿದೇಶಿ ಕಥೆಯ ನಾಯಕ, ಮುಖವಾಡ ಹಾಕಿಕೊಂಡು ಕುದುರೆಯೇರಿದವನು, ಇವನಿಂದ ದಿನವೂ ಹೂವು ಹಾಕಿಸಿಕೊಳ್ಳುತ್ತಿದ್ದ.

ಸೆಪ್ಟೆಂಬರಿನ ವಿಮೋಚನಾ ದಿನದ ಧ್ವಜಾರೋಹಣ ಹತ್ತಿರ ಬಂದಾಗ, ಉತ್ಸವ ಸಮಿತಿಯ ಅಧ್ಯಕ್ಷರು ಗಡ್ಡ ಮಾಡಿಸಿಕೊಳ್ಳುತ್ತಾ ಆ ಪಟ ನೋಡಿದರು.

"ನಿಮ್ಮಜ್ಜ ಏನೋ? ನಿಜಾಮನ ವಿರುದ್ಧ ಹೋರಾಡಿದವರ ಮನಿತನಕ್ಕ ಶಾಲು ಹೊದಸಾಕತ್ತೀವಿ. ನೀನೂ ಬಾ."

ಊರಿನ ಯಾವ ಮರ್ಯಾದೆಯೂ ಅಂಗಡಿಯವನ ಬಾಗಿಲಿಗೆ ಬಂದದ್ದಿರಲಿಲ್ಲ. ಅವನ ಕೈ ನಿಂತಿತು.

"ಖರೇ ಹೇಳಬೇಕಂದ್ರ..." ಎಂದ. ಸುಳ್ಳು ಬಂತೆಂದು, ಸರದಿ ಕಾಯುತ್ತಿದ್ದ ನಾನು ಪತ್ರಿಕೆ ಮಡಚಿದೆ.

"ಇವ ಕಥಿಯೊಳಗಿನಾಂವರಿ. ಇವನ ಅಜ್ಜ ಯಾರಂತ ಯಾರೂ ಕೇಳಂಗಿಲ್ಲ, ಅದಕ್ಕ ಎಲ್ಲಾರಿಗೂ ಬೇಕಾಗ್ಯಾನ. ನಮ್ಮಜ್ಜ ನಿಜಾಮನ ಕಡಿ ರಜಾಕಾರರ ಗಡ್ಡ ಮಾಡ್ತಿದ್ದ."

"ಥೂ, ನಾಚಿಕಿಗೇಡಿ! ಕತ್ತಿ ಕೈಯಾಗಿತ್ತಲ್ಲೋ, ಒಬ್ಬಂದಾದ್ರೂ ಕುತ್ತಿಗಿ ಕೊಯ್ಯಬಾರದಿತ್ತಾ?"

ಅವನು ಅಧ್ಯಕ್ಷರ ಗದ್ದವನ್ನು ಮೆಲ್ಲಗೆ ಮೇಲೆತ್ತಿ, ಕತ್ತಿಯನ್ನು ಗಂಟಲಿನ ಮೇಲಿಟ್ಟ.

"ಕುರ್ಚಿ ಮ್ಯಾಲೆ ಕುಂತವರನ್ನ ಕೊಯ್ಯೂ ರೂಢಿ ನಮ್ಮ ಮನಿತನದಾಗ ಇಲ್ರಿ ಸಾಹೇಬ್ರ. ತಾವು ಹೇಳಿದ್ರ ಇವತ್ತ ಸುರು ಮಾಡ್ತೀನಿ."

ಬೇಡವೆಂದು ತಲೆ ಅಲ್ಲಾಡಿಸುವ ಧೈರ್ಯವೂ ಅಧ್ಯಕ್ಷರಿಗೆ ಬರಲಿಲ್ಲ.