ಬಳಸುದಾರಿಯ ಬಸ್ಸು

ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜಿನ ಅಂಚು ಉಜ್ಜಿ ಚೌಕಟ್ಟಿಗೆ ಕೂರಿಸುವುದು ಅವಳ ಕೆಲಸ. ಕೂದಲೆಳೆಯಷ್ಟು ಹೆಚ್ಚು ಉಜ್ಜಿದರೆ ಗಾಜು ಸಡಿಲ, ಕಡಿಮೆಯಾದರೆ ಕೂರುವುದೇ ಇಲ್ಲ. ಹಾಗಾಗಿ ಹಗಲಿಡೀ ಉಸಿರು ಬಿಗಿಹಿಡಿದೇ ದುಡಿಯುತ್ತಿದ್ದಳು. ಬೀದಿಯವರಿಗೆಲ್ಲ ಅವಳು ‘ಕನ್ನಡಕದಕ್ಕ’. ಮನೆಯಲ್ಲಿ ಇಬ್ಬರು ಮಕ್ಕಳು: ಈಗಷ್ಟೇ ಶಾಲೆಗೆ ಹೋಗತೊಡಗಿದ ಗುಬ್ಬಿ, ಇನ್ನೂ ತೊದಲು ಮಾತಾಡುವ ತಮ್ಮ ಗುಂಡ. ಗಂಡ ಲಿಫ್ಟ್ ರಿಪೇರಿಯವನು. ಎಲ್ಲೋ ಯಾರೋ ಸಿಕ್ಕಿಕೊಂಡಿದ್ದಾರೆಂದು ಕರೆ ಬಂದರೆ ಕಲಸಿದ ತುತ್ತು ತಟ್ಟೆಯಲ್ಲೇ ಬಿಟ್ಟು ಓಡುತ್ತಿದ್ದ. ಇನ್ನು ಉಳಿದವರು ಅತ್ತೆ. ನಿಜ ಹೇಳಬೇಕೆಂದರೆ ಆ ಮನೆ ನಿಂತಿದ್ದದ್ದೇ ಅವರ ನೋಯುವ ಮಂಡಿಗಳ ಮೇಲೆ.

ಸೊಸೆ ಸಂಜೆ ಬಾಗಿಲು ತಳ್ಳುವ ಹೊತ್ತಿಗೆ ಅಡುಗೆ ಮುಗಿದಿರುತ್ತಿತ್ತು, ಮಕ್ಕಳ ಕೈಕಾಲು ತೊಳೆದಾಗಿರುತ್ತಿತ್ತು. ಅವಳ ಪಾಲಿಗೆ ಒಂದು ಬಟ್ಟಲಲ್ಲಿ ಏನಾದರೂ ಬಿಸಿಬಿಸಿಯಾಗಿ ಮುಚ್ಚಿಟ್ಟಿರುತ್ತಿದ್ದರು.

“ಮೊದ್ಲು ಕೂತ್ಕೊಂಡು ಬಾಯಿಗೆ ಏನಾದ್ರೂ ಹಾಕ್ಕೋ. ಕಣ್ಣು ನೋಡು, ಕೆಂಡ ಆಗಿದೆ. ಕತ್ತೆ ಹಾಗೆ ದುಡಿಸ್ಕೋತಾರೆ ನಿನ್ನ,” ಎನ್ನುತ್ತಿದ್ದರು ಅತ್ತೆ.

ಅವಳು ತಲೆ ತಗ್ಗಿಸಿ ತಿನ್ನುತ್ತಿದ್ದಳು. ತಲೆ ತಗ್ಗಿಸಲು ಕಾರಣವಿತ್ತು. ಅಂಗಡಿಯ ಕೆಲಸ ಒಂದು ಗಂಟೆ ಮೊದಲೇ ಮುಗಿದಿರುತ್ತಿತ್ತು.

ಕೆಲವು ತಿಂಗಳ ಹಿಂದೆ ಅಂಗಡಿಯ ಮೇಲಿನ ಮಹಡಿಗೆ ಸಂಗೀತ ಕಲಿಸುವವರು ಬಾಡಿಗೆಗೆ ಬಂದಿದ್ದರು. ಸಂಜೆ ಕೆಳಗೆ ಯಂತ್ರ ಗಿರ್ರೆಂದರೆ ಮೇಲೆ ಪಾಠ ನಡೆಯುವುದು ಹೇಗೆ? “ಐದಕ್ಕೇ ಯಂತ್ರ ನಿಲ್ಸಿಬಿಡಮ್ಮ, ಮನೆಗೆ ಹೋಗು,” ಎಂದಿದ್ದರು ಮಾಲೀಕರು. ಈ ಸುದ್ದಿಯನ್ನು ಮನೆಗೆ ಹೇಳಿ ಎಲ್ಲರನ್ನೂ ಖುಷಿಪಡಿಸಬೇಕೆಂದೇ ಅವಳು ಅಂದು ಹೊರಟಿದ್ದು. ಆದರೆ ಊರನ್ನು ಸುತ್ತುವ ಬಸ್ಸುಗಳು ಎರಡು ದಿಕ್ಕಿಗೂ ಹೋಗುತ್ತವೆ. ಹತ್ತಿರದ ದಾರಿಯದ್ದು ತುಂಬಿ ತುಳುಕುತ್ತಿತ್ತು, ಬಳಸುದಾರಿಯದ್ದು ಖಾಲಿ ನಿಂತಿತ್ತು. ಕೂತಳು. ಹಿಂದಿನ ಸೀಟು, ಕಿಟಕಿ, ಮುಖಕ್ಕೆ ಗಾಳಿ. ಯಾರೂ ಅಮ್ಮಾ ಎನ್ನಲಿಲ್ಲ, ಯಾರೂ ಮಡಿಲಿಗೆ ಹತ್ತಲಿಲ್ಲ. ಮನೆಯಲ್ಲಿ ಬಚ್ಚಲಿಗೆ ಹೋದರೂ ಬಾಗಿಲ ಸಂದಿಯಿಂದ ಪುಟ್ಟ ಬೆರಳುಗಳು ಒಳಗೆ ತೂರಿ ಬರುತ್ತಿದ್ದವು. ಇಲ್ಲಿ ಅವಳ ಮೈ ಅವಳದೇ ಆಗಿತ್ತು. ಬಸ್ಸು ಊರೆಲ್ಲ ಸುತ್ತಿ ಮನೆಯ ನಿಲ್ದಾಣಕ್ಕೆ ಬರುವಷ್ಟರಲ್ಲಿ, ಹೇಳಬೇಕೆಂದಿದ್ದ ಮಾತು ಗಂಟಲಲ್ಲೇ ಉಳಿದಿತ್ತು.

ನಾಳೆ ಹೇಳಿದರಾಯಿತು ಎಂದುಕೊಂಡಳು. ನಾಳೆಗೂ ಒಂದು ನಾಳೆ ಇದ್ದೇ ಇತ್ತು. ಬರಬರುತ್ತ ಬಸ್ಸು ಹತ್ತಿದೊಡನೆ ಫೋನನ್ನೂ ಆಫ್ ಮಾಡತೊಡಗಿದಳು.

ಅಂದು ಒಂದು ಪೊಟ್ಟಣ ಹುರಿದ ಕಡಲೆಕಾಯಿ ಕೊಂಡು, ಸಿಪ್ಪೆಯನ್ನು ಕಿಟಕಿಯಾಚೆ ಊದುತ್ತ ಕೂತಿದ್ದಳು. ಆಟದ ಮೈದಾನದ ನಿಲ್ದಾಣದಲ್ಲಿ ಬಸ್ಸು ನಿಂತಿತು. ಮುಂಬಾಗಿಲಲ್ಲಿ ಮೊದಲು ಕಂಡದ್ದು ಗುಬ್ಬಿಯ ಹಳದಿ ಚಪ್ಪಲಿ. ಅದರ ಹಿಂದೆ ಕಂಬಿ ಹಿಡಿದು ಏದುಸಿರು ಬಿಡುತ್ತ ಹತ್ತುತ್ತಿದ್ದ ಅತ್ತೆ. ಅವರ ಹೆಗಲ ಮೇಲೆ ಗುಂಡ.

ಅವಳೇನು ಮಾಡಿದಳು ಗೊತ್ತೇ? ಕೊರಳಿನ ಶಾಲನ್ನು ಮೂಗಿನವರೆಗೆ ಎಳೆದುಕೊಂಡು ಕಿಟಕಿಯತ್ತ ಮುಖ ತಿರುಗಿಸಿದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ಹಾಗೆ ಆ ಒಂದು ಗಳಿಗೆ ಅವಳ ತಲೆಯಲ್ಲಿದ್ದದ್ದು ಒಂದೇ: ಕಾಣದಿರಲಿ, ದೇವರೇ, ಇವರ ಕಣ್ಣಿಗೆ ನಾನು ಬೀಳದಿರಲಿ.

ಆಗ ಗುಂಡ ಅತ್ತ. ಹಟದ ಅಳುವಲ್ಲ, ಅತ್ತು ಅತ್ತು ಸೋತ ಅಳು. ತಿರುಗಿ ನೋಡಿದರೆ ಅತ್ತೆಯ ರವಿಕೆಯ ಭುಜವೆಲ್ಲ ಕೆಂಪು.

ಕಡಲೆಕಾಯಿ ಚೆಲ್ಲಾಪಿಲ್ಲಿಯಾಯಿತು. ಹತ್ತುತ್ತಿದ್ದವರನ್ನು ತಳ್ಳಿಕೊಂಡು ಹೋಗಿ ಮಗುವನ್ನು ಕಸಿದುಕೊಂಡಳು. ಗಲ್ಲ ಸೀಳಿತ್ತು.

“ಜಾರುಬಂಡೆಯಿಂದ ಮುಗ್ಗರಿಸಿ ಬಿದ್ದ,” ಎಂದರು ಅತ್ತೆ. “ನಿಂಗೆ ಫೋನ್ ಮಾಡ್ದೆ, ಹೋಗ್ಲಿಲ್ಲ. ಅಂಗಡಿಗೆ ಮಾಡ್ದೆ.” ಅಲ್ಲಿಗೆ ನಿಲ್ಲಿಸಿದರು. ಅಂಗಡಿಯವರು ಏನು ಹೇಳಿದರೆಂದು ಅವರೂ ಹೇಳಲಿಲ್ಲ, ಇವಳೂ ಕೇಳಲಿಲ್ಲ. ಅತ್ತೆಯ ಕಣ್ಣು ಅವಳ ಶಾಲಿಗೆ ಅಂಟಿದ್ದ ಕಡಲೆ ಸಿಪ್ಪೆಯ ಮೇಲಿತ್ತು. ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು ಅವಳಿಗೆ. ಬಸ್ಸಿನಲ್ಲಿ ನೆಲವೂ ಇರಲಿಲ್ಲ.

ಅದೇ ಬಸ್ಸಿನ ದಾರಿಯಲ್ಲಿದ್ದ ಆಸ್ಪತ್ರೆಯಲ್ಲಿ ಹೊಲಿಗೆ ಹಾಕುವಾಗ ಗುಂಡ ಅವಳ ಕಡೆ ಕೈ ಚಾಚಲಿಲ್ಲ. “ಅಜ್ಜೀ” ಎಂದು ಕಿರುಚಿದ. ಅವಳು ಅವನ ಕಾಲು ಹಿಡಿದು ನಿಂತಳು.

ಮನೆಗೆ ಬಂದಾಗ ಗಂಡ ಬಾಗಿಲಲ್ಲೇ ಎದುರಾದ. ಮಗನ ಮುಖ ಕಂಡು ಅವನನ್ನು ಎತ್ತಿಕೊಂಡ. ಎಲ್ಲ ಕೇಳಿ ಆದ ಮೇಲೆ, “ನೀನೆಲ್ಲಿ ಸಿಕ್ಕೆ ಇವರಿಗೆ?” ಎಂದ.

ಅವಳ ನಾಲಿಗೆ ಹೊರಳುವ ಮೊದಲೇ ಅತ್ತೆ, “ಅಂಗಡಿಯಿಂದ ಓಡಿ ಬಂದ್ಲು ಪಾಪ, ನಾನೇ ಹೇಳಿಕಳ್ಸಿದ್ದೆ,” ಎಂದು ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದರು.

ಆ ‘ಪಾಪ’ ಎಂಬ ಮಾತು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಮರುದಿನದಿಂದ ಅವಳು ಹತ್ತಿರದ ದಾರಿಯ ಬಸ್ಸಿಗೇ ಜೋತುಬಿದ್ದು ಬಂದಳು. ಬಂದವಳೇ ಅತ್ತೆಯ ಕೈಯಿಂದ ಚಾಕು ಇಸಿದುಕೊಂಡು ತರಕಾರಿ ಹೆಚ್ಚುತ್ತಿದ್ದಳು, ಅಕ್ಕಿ ತೊಳೆಯುತ್ತಿದ್ದಳು, ಒರೆಸಿದ ಒಲೆಯನ್ನೇ ಮತ್ತೆ ಒರೆಸುತ್ತಿದ್ದಳು. ಅತ್ತೆ ತಡೆಯಲಿಲ್ಲ. ಯಾಕಿಷ್ಟು ಬೇಗ ಬಂದೆ ಎಂದೂ ಕೇಳಲಿಲ್ಲ. ಬಿಸಿಬಿಸಿ ಮುಚ್ಚಿಟ್ಟ ಬಟ್ಟಲು ಮಾತ್ರ ಇರಲಿಲ್ಲ.

ಗುಂಡನ ಹೊಲಿಗೆ ಬಿಚ್ಚಿಸಿದ ದಿನ ಅವಳಿಗೆ ತಡೆಯಲಾಗಲಿಲ್ಲ. ಎಲ್ಲರೂ ಊಟಕ್ಕೆ ಕೂತಿದ್ದಾಗ ಮೊದಲಿಂದ ಕೊನೆಯವರೆಗೆ ಹೇಳಿಬಿಟ್ಟಳು: ಸಂಗೀತದ ಪಾಠ, ಖಾಲಿ ಬಸ್ಸು, ಆಫ್ ಮಾಡಿದ ಫೋನು.

ಗಂಡ ಹೋ ಎಂದು ನಕ್ಕ. “ಇಷ್ಟೇನಾ! ನಾನು ಇನ್ನೇನೋ ಅನ್ಕೊಂಡೆ. ಬಸ್ಸಲ್ಲಿ ಕೂತ್ರೆ ಏನು ತಪ್ಪು? ನಾನೂ ಎಷ್ಟೋ ಸಲ ಲಿಫ್ಟ್ ಸರಿಹೋದ್ಮೇಲೂ ಮೇಲೇ ಕೂತಿರ್ತೀನಿ.”

ಅತ್ತೆ ನಗಲಿಲ್ಲ. “ನಿಂಗೆ ನಗು ಬರುತ್ತಪ್ಪ,” ಎಂದರು ಮಗನಿಗೆ. ಆಮೇಲೆ ಸೊಸೆಯ ಕಡೆ ತಿರುಗಿದರು. “ಒಂದು ಗಂಟೆ ಬೇಕು ಅತ್ತೆ ಅಂದಿದ್ರೆ ನಾನು ಬೇಡ ಅಂತಿದ್ನಾ? ಕೊಡ್ತಿದ್ದೆ ಕಣೆ. ನಂಗೂ ಮಕ್ಕಳು ಸಣ್ಣವರಿದ್ದಾಗ ಬೇಕನ್ಸಿತ್ತು, ಕೇಳೋಕೆ ಬಾಯಿ ಬರ್ಲಿಲ್ಲ. ಆದ್ರೆ ದಿನಾ ನಿನ್ನ ಮುಖ ನೋಡಿ ಅಯ್ಯೋ ಅಂತಿದ್ನಲ್ಲ, ಮಂಡಿ ಹಿಡ್ಕೊಂಡು ಒಲೆ ಮುಂದೆ ನಿಲ್ತಿದ್ನಲ್ಲ, ಆಗ ನೀನು ಅದನ್ನ ಸುಮ್ನೆ ತಿಂದ್ಯಲ್ಲ. ಅದು ನಂಗೆ ಇಳೀತಿಲ್ಲ.”

ಗಂಡನ ನಗು ಅಲ್ಲೇ ಬತ್ತಿತು. ವಾರದಲ್ಲಿ ಎರಡು ಸಂಜೆ ಅತ್ತೆಗೆ ಬಿಡುವು, ಆ ದಿನ ಮಕ್ಕಳೂ ಅಡುಗೆಯೂ ತಮ್ಮದು ಎಂದು ಗಂಡಹೆಂಡತಿ ಮಾತಾಡಿಕೊಂಡರು. ಮೊದಲ ಸಂಜೆ ಅತ್ತೆ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು, ಎಲ್ಲಿಗೆಂದು ಹೇಳದೆ ಹೋದರು. ಎಲ್ಲಿಗೆಂದು ಕೇಳುವ ಬಾಯಿ ಸೊಸೆಗಿರಲಿಲ್ಲ. ಅವಳೂ ಒಂದು ಸಂಜೆ ಬಿಡುವು ಪಡೆಯಬೇಕೆಂದು ಗಂಡ ಒತ್ತಾಯಿಸಿದ. ಹೇಳಿ ಕೇಳಿ ಹೋಗಿ ಅದೇ ಹಿಂದಿನ ಸೀಟಿನಲ್ಲಿ ಕೂತಳು. ಎರಡನೆಯ ನಿಲ್ದಾಣದಲ್ಲೇ ಇಳಿದು ನಡೆದುಕೊಂಡು ಮನೆಗೆ ಬಂದಳು.

ಇಷ್ಟಾದರೂ ಅವಳು ಒಂದು ಮಾತು ಬಿಟ್ಟೇ ಹೇಳಿದ್ದಳು. ಅದನ್ನು ಯಾರೂ ಕಂಡಿಲ್ಲವೆಂದುಕೊಂಡಿದ್ದಳು.

ಒಂದು ಮಧ್ಯಾಹ್ನ, ರಜೆಯ ದಿನ, ಅಡುಗೆಮನೆಯ ನೆಲದ ಮೇಲೆ ಕೂತು ತಾಯಿಮಗಳು ಬಟಾಣಿ ಬಿಡಿಸುತ್ತಿದ್ದರು. ಗುಬ್ಬಿ ಬುಟ್ಟಿಗೊಂದು ಬಾಯಿಗೊಂದು ಹಾಕುತ್ತ ಕೇಳಿದಳು:

“ಅಮ್ಮಾ, ಅವತ್ತು ಬಸ್ಸಲ್ಲಿ ನಮ್ಮನ್ನ ನೋಡಿ ಯಾಕೆ ಮುಖ ಮುಚ್ಕೊಂಡೆ?”

ಅವಳ ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು. ಚಳಿ ಇತ್ತು ಎನ್ನಬಹುದಿತ್ತು. ಧೂಳು ಎನ್ನಬಹುದಿತ್ತು. ಎರಡೂ ನಾಲಿಗೆಯ ತುದಿಗೆ ಬಂದವು.

“ಸಿಕ್ಕಿಬೀಳ್ತೀನಿ ಅಂತ ಹೆದ್ರಿಕೆ ಆಯ್ತು ಮರಿ,” ಎಂದಳು.

“ಗುಂಡಂಗೆ ರಕ್ತ ಬರ್ತಿತ್ತಲ್ಲ.”

“ಅದು ಆಮೇಲೆ ಕಾಣ್ಸಿತು.”

ಗುಬ್ಬಿ ಯೋಚಿಸಿದಳು. ಆಮೇಲೆ ತಾಯಿಯ ಕಿವಿಗೆ ಬಾಯಿಟ್ಟು, “ನಾನು ಅಜ್ಜಿಗೆ ಹೇಳಿಲ್ಲ. ಯಾರಿಗೂ ಹೇಳಲ್ಲ,” ಎಂದಳು. ಅವಳ ಉಸಿರಿನಲ್ಲಿ ಹಸಿ ಬಟಾಣಿಯ ವಾಸನೆಯಿತ್ತು.

ಇಷ್ಟು ದಿನ ಅನುಭವಿಸಿದ್ದ ನಾಚಿಕೆಯೆಲ್ಲ ಇದರ ಮುಂದೆ ಏನೂ ಅಲ್ಲ ಎನಿಸಿತು. ತನ್ನ ಕಳ್ಳತನವನ್ನು ಈ ಕೂಸು ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡು ಕಾಪಾಡಿದೆ! ತಾನು ಕಲಿಸಿದ್ದು ಇದನ್ನೇ!

“ಹಾಗೆಲ್ಲ ಬಚ್ಚಿಟ್ಕೋಬೇಡ ಕಣೇ,” ಎಂದಳು. “ನಾನೇ ಹೇಳ್ತೀನಿ.”

ಎದ್ದು ಕೋಣೆಗೆ ಹೋದಳು. ಅತ್ತೆ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ನಿಂತಲ್ಲೇ ಹೇಳಿದಳು; ಶಾಲು ಎಳೆದುಕೊಂಡದ್ದು, ಕಾಣದಿರಲೆಂದು ಬೇಡಿದ್ದು, ಗುಬ್ಬಿ ಅದನ್ನು ನೋಡಿದ್ದು, ಯಾವುದನ್ನೂ ಬಿಡಲಿಲ್ಲ. ಅತ್ತೆ ಎಣ್ಣೆಯ ಬಟ್ಟಲು ಪಕ್ಕಕ್ಕಿಟ್ಟರು. ಬೈಯಲಿಲ್ಲ. ಹೋಗಲಿ ಬಿಡು ಎಂದೂ ಅನ್ನಲಿಲ್ಲ. ಎದ್ದು, ಅಂದು ಅವರ ಬಿಡುವಿನ ದಿನವಲ್ಲದಿದ್ದರೂ, ಚಪ್ಪಲಿ ಮೆಟ್ಟಿ ಹೊರಟುಹೋದರು.

ಅವಳು ಬಟಾಣಿ ಬೇಯಿಸಿದಳು, ಅನ್ನ ಮಾಡಿದಳು, ಮಕ್ಕಳಿಗೆ ಉಣಿಸಿದಳು. ಅತ್ತೆಯ ತಟ್ಟೆ ಹಾಕಿ ಕಾದಳು. ದೀಪ ಹಚ್ಚುವ ಹೊತ್ತಿಗೆ ಅವರು ಬಂದರು, ಕೈ ತೊಳೆದು ಕೂತರು. ಅವಳು ಬಡಿಸಿದಳು. ಅತ್ತೆ ಒಂದು ತುತ್ತು ಬಾಯಿಗಿಟ್ಟು ನಿಧಾನಕ್ಕೆ ಅಗಿದರು.

“ಉಪ್ಪು ಕಮ್ಮಿ,” ಎಂದರು.

ಅವಳು ಓಡಿಹೋಗಿ ಉಪ್ಪಿನ ಭರಣಿ ತಂದಳು. ಬಡಿಸುವಾಗ ಅವಸರಕ್ಕೆ ಹೆಚ್ಚೇ ಬಿತ್ತು. ಅತ್ತೆ ಅದನ್ನೇ ಕಲಸಿಕೊಂಡು ಊಟ ಮುಗಿಸಿದರು.